ಸೂಜಿ ಸಿಕ್ಕಿಲ್ಲ

ನಮಗೆ ಹೊಸ ಗ್ಲೌಸ್ ಕೊಟ್ಟರು. ಕೆಲಸಕ್ಕಲ್ಲ, ಆಟಕ್ಕೆ.

ದಪ್ಪನೆಯವು. ಬಿಳಿಯವು. ಮಣಿಕಟ್ಟು ದಾಟಿ ಮೇಲಕ್ಕೆ ಬರುವಂಥವು. ಇಂಥವನ್ನು ಕೊಡಿ ಸಾರ್ ಎಂದು ಕೇಳಿ ಕೇಳಿ ನಮ್ಮ ನಾಲಿಗೆ ಸವೆದಿತ್ತು. ಇಲ್ಲ ಎನ್ನುವುದಕ್ಕೆ ಮ್ಯಾನೇಜರ್‌ಗೆ ಯಾವತ್ತೂ ಒಂದು ಕಾರಣ ಸಿಗುತ್ತಿತ್ತು. ಆವತ್ತು ಬೆಳಿಗ್ಗೆ ತಾನೇ ಪೆಟ್ಟಿಗೆ ಹೊತ್ತು ತಂದು ಒಬ್ಬೊಬ್ಬರಿಗೂ ಒಂದೊಂದು ಜೊತೆ ಹಂಚಿದ.

"ಆಸ್ಪತ್ರೆಯವರು ಮುಟ್ಟೋ ಆಟದ ಕಾರ್ಡನ್ನೇ ನೀವೂ ಮುಟ್ಟಬೇಕಾಗುತ್ತೆ. ಅವರಿಗೆ ಮುಜುಗರ ಆಗಬಾರದು ನೋಡಿ," ಅಂದ.

ನಾನು ಹಾಕಿಕೊಂಡೆ. ಬೆರಳಿಗೆ ಮೆತ್ತಗಿತ್ತು. ಚೆನ್ನಾಗಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮೈಯೆಲ್ಲ ಹಿಡಿಯಾಯಿತು. ಯಾಕೆಂದರೆ ಹಿಂದಿನ ದಿನವಷ್ಟೇ ನನ್ನ ನಾದಿನಿಯ ಅಂಗೈಗೆ ಸೂಜಿ ಚುಚ್ಚಿತ್ತು. ಈ ಗ್ಲೌಸ್ ಅವಳ ಕೈಯಲ್ಲಿದ್ದಿದ್ದರೆ ಚುಚ್ಚುತ್ತಿರಲಿಲ್ಲ.

ನಮ್ಮದು ಲಾಂಡ್ರಿ. ದೊಡ್ಡಾಸ್ಪತ್ರೆಯ ಬಟ್ಟೆಯೆಲ್ಲ ನಮ್ಮಲ್ಲಿಗೇ ಬರುತ್ತದೆ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ರಕ್ತ, ಕೀವು, ವಾಂತಿ, ಹೇಲು ಎಲ್ಲ ಒಂದೇ ಗಂಟಿನಲ್ಲಿ. ಗಂಟು ಬಿಚ್ಚಿ ವಿಂಗಡಿಸುವವರು ನಾವು. ತಗಡಿನ ಉದ್ದ ಮೇಜು, ಎರಡೂ ಕಡೆ ಹೆಂಗಸರು. ಮಷಿನ್ ಕೋಣೆಯ ಹಬೆ, ಬ್ಲೀಚಿನ ಘಾಟು. ಮೊದಲ ವಾರ ಎಲ್ಲರೂ ವಾಂತಿ ಮಾಡುತ್ತಾರೆ. ಆಮೇಲೆ ಮೂಗು ಸತ್ತುಹೋಗುತ್ತದೆ. ನಮ್ಮ ಮೂಗು ಮಾತ್ರ. ಬಸ್ಸಿನಲ್ಲಿ ಪಕ್ಕ ಕೂತವರ ಮೂಗು ಬದುಕಿಯೇ ಇರುತ್ತದೆ. ಅವರು ಎದ್ದುಹೋಗಿ ನಿಂತುಕೊಳ್ಳುತ್ತಾರೆ.

ಆಸ್ಪತ್ರೆಯವರು ಬಟ್ಟೆಯ ಜೊತೆಗೆ ಸೂಜಿಯನ್ನೂ ಸುತ್ತಿ ಕಳಿಸುತ್ತಾರೆ. ಬೇಕೆಂದೇ ಅಲ್ಲ, ಯಾರಿಗೂ ನೋಡುವ ಪುರುಸೊತ್ತಿಲ್ಲ. ಅದಕ್ಕೇ ನಾವು ಯಾವುದನ್ನೂ ಅಂಗೈಯಿಂದ ಒತ್ತಿ ಹಿಡಿಯುವುದಿಲ್ಲ. ಒಂದು ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ ಜಾಡಿಸುತ್ತೇವೆ. ಸೂಜಿ ಇದ್ದರೆ ತಗಡಿನ ಮೇಲೆ ಟಣ್ ಅನ್ನುತ್ತದೆ. ಆಗ ಕಂಡವಳು "ಸೂಜಿ!" ಎಂದು ಕೂಗಬೇಕು. ಕೂಗಿದ ಕೂಡಲೇ ಮೇಜಿನ ಮೇಲಿರುವ ಕೈಗಳೆಲ್ಲ ಮೇಲೇಳಬೇಕು. ಕೂಗಿದವಳೇ ಅದನ್ನು ಹುಡುಕಿ, ಡಬ್ಬಿಗೆ ಹಾಕಿ, "ಸಿಕ್ತು" ಅನ್ನಬೇಕು. ಅಲ್ಲಿಯವರೆಗೂ ಯಾರೂ ಕೈ ಇಳಿಸುವಂತಿಲ್ಲ. ಇದು ಕಂಪನಿಯವರು ಮಾಡಿದ ನಿಯಮವಲ್ಲ, ದೊಡ್ಡಕ್ಕ ಮಾಡಿದ್ದು. ನಮ್ಮಲ್ಲೆಲ್ಲ ಹಳಬಳು ಅವಳು. ಅವಳಿಟ್ಟ ಈ ಕಟ್ಟಳೆಯನ್ನು ನಾವು ಮುರಿದವರಲ್ಲ.

ಮುರಿದದ್ದು ಆ ಹಿಂದಿನ ದಿನ.

ನನ್ನ ನಾದಿನಿಯನ್ನು ಮನೆಯಲ್ಲೂ ಕೆಲಸದಲ್ಲೂ ಗುಬ್ಬಿ ಅಂತಲೇ ಕರೆಯುವುದು. ಪುಟ್ಟ ಜೀವ. ಮೇಜು ಎಟುಕಲಿ ಎಂದು ಸೋಪಿನ ಪೆಟ್ಟಿಗೆಯ ಮೇಲೆ ನಿಲ್ಲುತ್ತಾಳೆ. ಅವಳನ್ನು ಈ ಕೆಲಸಕ್ಕೆ ತಂದು ಸೇರಿಸಿದವಳು ನಾನೇ. ಹೊದಿಕೆಯ ಮೂಲೆಯನ್ನೇ ಎತ್ತಿದ್ದಳು. ಸೂಜಿ ಆ ಮೂಲೆಯ ಹೊಲಿಗೆಯಲ್ಲೇ ಸಿಕ್ಕಿಕೊಂಡಿತ್ತು. ಕಂಪನಿಯ ತೆಳು ಗ್ಲೌಸ್ ಹರಿದು ಅಂಗೈಗೆ ಹೊಕ್ಕಿತು.

"ಸೂಜಿ!" ಎಂದು ಚೀರಿದಳು. ಕೈ ಕೊಡವಿದಳು. ಸೂಜಿ ಎಲ್ಲಿ ಹಾರಿತೋ ಕಾಣಲಿಲ್ಲ.

ಎಲ್ಲರ ಕೈ ಮೇಲೆದ್ದವು. ಅವಳ ಎರಡೂ ಕೈಗಳೂ. ಒಂದರಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು.

ಮ್ಯಾನೇಜರ್ ಓಡಿ ಬಂದ. ಹೊರಗೆ ಲಾರಿ ನಿಂತಿತ್ತು. ಗಂಟುಗಳು ಮಷಿನ್ನಿಗೆ ಹೋಗಬೇಕಾಗಿತ್ತು. ಅವನು ನೆಲದ ಕಡೆ ಒಮ್ಮೆ ನೋಡಿದಂತೆ ಮಾಡಿ, "ಸಿಕ್ತು, ಸಿಕ್ತು. ಇಳಿಸಿ, ಕೆಲಸ ನೋಡಿ," ಅಂದ.

ಆ ಮಾತು ಅವನದಲ್ಲ. ನಮಗೆಲ್ಲ ಗೊತ್ತಿತ್ತು. ಆದರೂ ಕೈಗಳು ಇಳಿದವು. ಒಂದರ ಹಿಂದೆ ಒಂದು. ಮೊದಲು ಇಳಿದದ್ದು ನನ್ನವು.

ಗುಬ್ಬಿ ಒಬ್ಬಳೇ ಸೋಪಿನ ಪೆಟ್ಟಿಗೆಯ ಮೇಲೆ ಕೈ ಎತ್ತಿ ನಿಂತಿದ್ದಳು. ನಾವು ತಲೆ ತಗ್ಗಿಸಿ ಜಾಡಿಸುತ್ತಿದ್ದೆವು. ಆ ಹೊದಿಕೆ, ಆ ಸೂಜಿ ಯಾವ ಗಂಟಿನ ಜೊತೆ ಮಷಿನ್ನಿಗೆ ಹೋಯಿತೋ ಯಾರಿಗೂ ತಿಳಿಯಲಿಲ್ಲ.

ಸಂಜೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ದೊಡ್ಡಾಸ್ಪತ್ರೆ. ಗಾಯ ತೊಳೆದು ಬ್ಯಾಂಡೇಜು ಕಟ್ಟಿದರು, ಅಷ್ಟೇ. ರೋಗ ಅಂಟದ ಹಾಗೆ ತಡೆಯುವ ಮಾತ್ರೆ ಇದೆಯಂತೆ. ಕೊಡಬೇಕಾದರೆ ಕೆಲಸದ ಕಡೆಯವರು ಹೇಳಬೇಕಂತೆ, ಇವಳಿಗೆ ನಮ್ಮಲ್ಲಿ ಚುಚ್ಚಿತು, ನಿಮ್ಮ ಸೂಜಿಯೇ ಚುಚ್ಚಿತು ಅಂತ. ನರ್ಸಮ್ಮ ಒಳ್ಳೆಯವಳು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದಳು: "ತಡ ಮಾಡಬೇಡಿ. ಬೇಗ ಶುರು ಮಾಡಿದರೇನೇ ಆ ಮಾತ್ರೆ ಕೆಲಸ ಮಾಡೋದು. ಆಮೇಲೆ ನುಂಗಿದ್ರೂ ಒಂದೇ, ಬಿಟ್ರೂ ಒಂದೇ."

ಆ ರಾತ್ರಿ ಗುಬ್ಬಿ ತನ್ನ ತಟ್ಟೆಯನ್ನು ತಾನೇ ಬೇರೆ ತೊಳೆದು ಬೇರೆ ಇಟ್ಟಳು. ಯಾವಾಗಲೂ ನನ್ನ ಮಗಳನ್ನು ಅಪ್ಪಿಕೊಂಡು ಮಲಗುವವಳು ಬಾಗಿಲ ಹತ್ತಿರ ಚಾಪೆ ಹಾಕಿಕೊಂಡಳು. ಯಾರೂ ಅವಳಿಗೆ ಹಾಗೆ ಮಾಡು ಅಂದಿರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ನಾವಿಬ್ಬರೂ ಮ್ಯಾನೇಜರ್ ಕೋಣೆಯ ಮುಂದೆ ನಿಂತಿದ್ದೆವು. "ಸಾರ್, ಒಂದೇ ಒಂದು ಫೋನ್ ಮಾಡಿ ಸಾಕು," ಅಂದೆ.

"ಎಲ್ಲಿ ಸೂಜಿ? ತೋರಿಸು," ಅಂದ. "ಸೂಜಿ ಇಲ್ಲ ಅಂದ್ಮೇಲೆ ಚುಚ್ಚಿದ್ದೂ ಇಲ್ಲ. ಮನೇಲಿ ಏನೋ ಚುಚ್ಕೊಂಡು ಬಂದು ನಮ್ಮ ತಲೆಗೆ ಕಟ್ತೀರಾ?"

"ನೀವೇ ಸಿಕ್ತು ಅಂದ್ರಲ್ಲ ಸಾರ್?" ಗುಬ್ಬಿ ಕೇಳಿದಳು.

ಅವನು ಅವಳತ್ತ ನೋಡಲೇ ಇಲ್ಲ. ನನಗೆ ಹೇಳಿದ: "ಇವತ್ತು ಆಸ್ಪತ್ರೆಯ ದೊಡ್ಡವರೇ ಬರ್ತಿದಾರೆ. ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಅಂತ ನೋಡೋಕೆ. ಈಗ ಇದನ್ನೆಲ್ಲ ಎತ್ತಿದ್ರೆ ನಿಮ್ಮ ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೊಂಡ ಹಾಗೆ. ನಿಮ್ಮ ಜೊತೆ ಕೂತು ಅದೇನೋ ಆಟ ಆಡ್ತಾರಂತೆ, ಮೊದಲು ಅದು ಮುಗೀಲಿ. ಆಮೇಲೆ ನೋಡೋಣ. ಇವಳನ್ನ ಒಳಗೆ ಸ್ಟೋರ್ ರೂಮಲ್ಲಿ ಕೂರಿಸು, ಕೈಗೆ ಬ್ಯಾಂಡೇಜು ಬೇರೆ ಕಟ್ಕೊಂಡಿದಾಳೆ."

ಅವನ "ಆಮೇಲೆ" ಎಷ್ಟು ಉದ್ದ ಎಂದು ನನಗೆ ಗೊತ್ತಿತ್ತು. ಆದರೂ ಗುಬ್ಬಿಯನ್ನು ಸ್ಟೋರ್ ರೂಮಿನಲ್ಲಿ ಕೂರಿಸಿ ಬಂದೆ. ಗ್ಲೌಸ್ ಹಾಕಿಕೊಂಡೆ. ಸೂಪರ್‌ವೈಸರ್ ಹುಡುಗಿ ನಮ್ಮ ಮೇಲೆಲ್ಲ ಸೆಂಟು ಹೊಡೆದಳು, ಹುಳಕ್ಕೆ ಔಷಧಿ ಹೊಡೆದ ಹಾಗೆ.

ಆಟ ಮೇಲಿನ ಮಹಡಿಯ ಹಾಲಿನಲ್ಲಿ. ಆ ಹಾಲಿನ ನೆಲ ಒರೆಸಿದ್ದೇನೆಯೇ ಹೊರತು ಅಲ್ಲಿನ ಕುರ್ಚಿಯಲ್ಲಿ ಕೂತಿದ್ದು ಅದೇ ಮೊದಲು. ಮೇಜಿನ ಒಂದು ಕಡೆ ದೊಡ್ಡಕ್ಕ, ನಾನು, ನಮ್ಮ ಮಾತಿನಮಲ್ಲಿ. ಬಾಯಿ ಮುಚ್ಚದ ಒಬ್ಬಳಿದ್ದಾಳೆ ನಮ್ಮಲ್ಲಿ, ಅವಳಿಗೆ ಆ ಹೆಸರು. ಎದುರಿಗೆ ಮ್ಯಾನೇಜರ್, ಆಸ್ಪತ್ರೆಯ ಮೇಲಧಿಕಾರಿ ಅಮ್ಮನವರು, ಅವರ ಜೊತೆ ಬಂದ ಡಾಕ್ಟರು. ಉಳಿದ ಹೆಂಗಸರು ಗ್ಲೌಸ್ ಹಾಕಿಕೊಂಡು ಗೋಡೆಯ ಉದ್ದಕ್ಕೂ ನಿಂತಿದ್ದರು. ಒಬ್ಬ ಫೋಟೋ ತೆಗೆಯುತ್ತಿದ್ದ.

ಆಟ ಹೇಳಿಕೊಡಲು ಹೊರಗಿನಿಂದ ಕರೆಸಿದ್ದ ಮೇಡಂ ಮೃದುವಾದ ಹೆಂಗಸು. ದೊಡ್ಡ ಹಲಗೆ ಬಿಚ್ಚಿಟ್ಟಳು. ಅದರ ತುಂಬ ಒಂದು ನೀಲಿ ನದಿ. ಮೇಲೆ ಕಾಡು, ನಡುವೆ ಕಾರ್ಖಾನೆ, ಕೆಳಗೆ ಗುಡಿಸಲು, ಕೊನೆಗೆ ಸಮುದ್ರ. ಕಾರ್ಖಾನೆಯಿಂದ ಕಪ್ಪು ಮಣಿಗಳು ನದಿಗೆ ಇಳಿಯುತ್ತವೆ, ಅದು ವಿಷ. ಅವು ಸಮುದ್ರ ಮುಟ್ಟುವ ಮೊದಲು ಎಲ್ಲರೂ ಸೇರಿ ತಡೆಯಬೇಕು. ಜೊತೆಗೆ ದಡದ ಮೇಲೆ ಗೊಂಬೆಗಳಾಗಿ ನಿಂತ ಜನರನ್ನೂ ಕಾಪಾಡಬೇಕು. ನ್ಯಾಯ ಎಂದರೆ ಏನು, ಪರಿಸರ ಎಂದರೆ ಏನು ಎಂದು ಆಡುತ್ತಲೇ ತಿಳಿಯುತ್ತದಂತೆ.

"ಇಲ್ಲಿ ಯಾರಿಗೆ ಯಾರೂ ಎದುರಾಳಿ ಅಲ್ಲ," ಅಂದಳು ಮೇಡಂ. "ಗೆದ್ದರೆ ಎಲ್ಲರೂ ಗೆಲ್ತೀವಿ. ಸೋತರೆ ಎಲ್ಲರೂ ಸೋಲ್ತೀವಿ."

"ಸೋಲೋದು ನಮಗೆ ಬರುತ್ತೆ. ಗೆಲ್ಲೋದೊಂದು ಹೇಳಿಕೊಡಿ," ಅಂದಳು ಮಾತಿನಮಲ್ಲಿ. ಎಲ್ಲರೂ ನಕ್ಕರು. ಮ್ಯಾನೇಜರ್ ಹಲ್ಲು ಬಿಟ್ಟುಕೊಂಡೇ ಅವಳನ್ನು ಕಣ್ಣಲ್ಲಿ ಸುಟ್ಟ.

"ಇನ್ನೊಂದು ನೆನಪಿರಲಿ. ಒಬ್ಬರ ಸರದಿಯನ್ನ ಇನ್ನೊಬ್ಬರು ಆಡಬಾರದು. ಸಲಹೆ ಕೊಡಬಹುದು, ಕೈ ಮಾತ್ರ ಅವರದೇ," ಅಂದಳು ಮೇಡಂ.

ಒಬ್ಬೊಬ್ಬರಿಗೂ ಒಂದೊಂದು ಪಾತ್ರದ ಚೀಟಿ. ದೊಡ್ಡಕ್ಕನಿಗೆ ನ್ಯಾಯಾಧೀಶೆ. ಆಸ್ಪತ್ರೆಯ ಅಮ್ಮನವರಿಗೆ ಕಸ ಆಯುವವಳು. ಮ್ಯಾನೇಜರ್ ಮೀನುಗಾರನಾದ. ನನ್ನ ಚೀಟಿ ಮಗುಚಿ ಬಿದ್ದಿತ್ತು. ಅದನ್ನು ಎರಡು ಬೆರಳಲ್ಲಿ ಮೂಲೆ ಹಿಡಿದು ಎತ್ತಿದೆ. ಎತ್ತಿ ಜಾಡಿಸಿದೆ.

ಕೈ ತಾನಾಗಿ ಮಾಡಿತು. ನನಗೆ ಗೊತ್ತೇ ಆಗಲಿಲ್ಲ. ಪಕ್ಕದಲ್ಲಿ ದೊಡ್ಡಕ್ಕನೂ ತನ್ನ ಚೀಟಿ ಜಾಡಿಸಿದಳು. ಮಾತಿನಮಲ್ಲಿಯೂ.

ಡಾಕ್ಟರು ಗೊಳ್ಳೆಂದು ನಕ್ಕರು. "ಧೂಳಿಲ್ಲಮ್ಮಾ, ಹೊಸ ಕಾರ್ಡು!" ಅಂದರು. ಆಸ್ಪತ್ರೆಯ ಅಮ್ಮನವರೂ ನಕ್ಕರು. ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ನಕ್ಕ. "ನಮ್ಮ ಹೆಂಗಸರು ಹೀಗೇನೇ ಸಾರ್, ಮುಗ್ಧರು." ಅವರ ಸೂಜಿಗೆ ಹೆದರಿ ಕಲಿತ ಕೈ ಇದು ಎಂದು ಹೇಳಬಹುದಾಗಿತ್ತು. ನಾನೂ ನಕ್ಕೆ. ನಕ್ಕು ಚೀಟಿ ನೋಡಿದೆ. ಕಾರ್ಖಾನೆಯ ಯಜಮಾನಿ ಎಂದು ಬರೆದಿತ್ತು.

ಆಟ ಶುರುವಾಯಿತು. ಮೊದಲ ಸರದಿಯಲ್ಲಿ ಮೇಡಂ ನನ್ನ ಕಡೆ ಬಾಗಿ, "ನೀವೇನು ಹೇಳ್ತೀರಿ?" ಎಂದು ಕೇಳಿದಳು. ನೀವು ಅಂದಳು. ಇಷ್ಟು ವರ್ಷದಲ್ಲಿ ಆ ಕಟ್ಟಡದೊಳಗೆ ಯಾರೂ ನನ್ನನ್ನು ಹಾಗೆ ಕೇಳಿದ್ದಿಲ್ಲ. ನಾನು ಯೋಚನೆ ಮಾಡಿ, ನನ್ನ ಪಾಲಿನ ಒಂದು ಹಸಿರು ಬಿಲ್ಲೆ ಇಟ್ಟು ಒಂದು ಕಪ್ಪು ಮಣಿಯನ್ನು ತಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದನ್ನೂ ತಡೆದೆ. ನನಗೆ ಆಟ ಹಿಡಿಸಿಬಿಟ್ಟಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಸ್ವಲ್ಪ ಹೊತ್ತು ಗುಬ್ಬಿ ನನ್ನ ತಲೆಯಲ್ಲಿ ಇರಲಿಲ್ಲ. ಕೆಳಗೆ ಸ್ಟೋರ್ ರೂಮಿನಲ್ಲಿ ಅವಳಿಗೆ ಹೊತ್ತು ಮೀರುತ್ತಿತ್ತು. ನಾನು ಇಲ್ಲಿ ಕಾಗದದ ನದಿಯ ಮೀನು ಬದುಕಿತು ಎಂದು ಹಿಗ್ಗುತ್ತಿದ್ದೆ. ನಮ್ಮ ಲಾಂಡ್ರಿಯ ಬೂದು ನೀರು ನಮ್ಮದೇ ಓಣಿಯ ಹಿಂದಿನ ಚರಂಡಿಗೆ ಬೀಳುತ್ತದೆ ಎಂಬುದೂ ಆಗ ನೆನಪಾಗಲಿಲ್ಲ.

ಕಪ್ಪು ಮಣಿಗಳು ಹೆಚ್ಚಾದವು. ಮ್ಯಾನೇಜರ್‌ಗೆ ಗೆಲ್ಲಲೇಬೇಕಿತ್ತು, ಆಸ್ಪತ್ರೆಯವರ ಮುಂದೆ. ಎಲ್ಲರ ಸರದಿಯನ್ನೂ ಅವನೇ ಆಡತೊಡಗಿದ. "ಅಲ್ಲಿಡು. ಅಲ್ಲಲ್ಲ, ಇಲ್ಲಿ." "ಅಜ್ಜಿ, ನೀನು ಸುಮ್ಮನಿರು, ಇದನ್ನ ಎತ್ತು." ಮೇಡಂ ಎರಡು ಸಲ "ಸಾರ್, ಕೈ ಅವರದೇ" ಎಂದು ನೆನಪಿಸಿದಳು. ಅವನು ನಗುತ್ತಲೇ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಎಳೆದು ಬೇಕಾದ ಕಡೆ ಇಡಿಸಿದ. ಗೋಡೆ ಬದಿಯ ಹೆಂಗಸರು ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು.

ಮತ್ತೆ ನನ್ನ ಸರದಿ ಬಂತು. ಆಟದ ನಡುವೆ ಹೊಸ ಕಷ್ಟ ತಂದೊಡ್ಡುವ ಅಡ್ಡಿಯ ಚೀಟಿ ಎತ್ತಬೇಕಾಗಿತ್ತು. ಎತ್ತಿದೆ. ಈ ಸಲ ಜಾಡಿಸಲಿಲ್ಲ.

"ಜೋರಾಗಿ ಓದಿ," ಅಂದಳು ಮೇಡಂ.

ನನಗೆ ಓದಲು ಬರುತ್ತದೆ. ನಿಧಾನ, ಆದರೆ ಬರುತ್ತದೆ. ಓದಿದೆ: "ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ್ತಿಗೆ ಗಾಯವಾಗಿದೆ. ಎಲ್ಲರೂ ಒಂದೊಂದು ಹಸಿರು ಬಿಲ್ಲೆ ಕೊಟ್ಟರೆ ಅವಳು ಗುಣವಾಗುತ್ತಾಳೆ. ಕೊಡದಿದ್ದರೆ ಅವಳ ಗೊಂಬೆಯನ್ನು ಹಲಗೆಯಿಂದ ತೆಗೆದುಬಿಡಿ."

ಗೊಂಬೆ ಹೆಬ್ಬೆರಳಿನಷ್ಟಿತ್ತು. ಮರದ್ದು. ಮುಖ ಬರೆದಿರಲಿಲ್ಲ.

"ತೆಗೆದುಬಿಡಿ, ತೆಗೆದುಬಿಡಿ," ಅಂದ ಮ್ಯಾನೇಜರ್. "ಬಿಲ್ಲೆ ದಂಡ ಮಾಡಬೇಡಿ. ಒಬ್ಬಳು ಹೋದ್ರೆ ಏನೂ ಆಗಲ್ಲ. ನದಿ ಮುಖ್ಯ."

ಡಾಕ್ಟರು ತಲೆದೂಗಿದರು. ಆಸ್ಪತ್ರೆಯ ಅಮ್ಮನವರು, "ಪಾಪ ಅನ್ಸುತ್ತೆ. ಆದ್ರೆ ಗೆಲ್ಲಬೇಕು ಅಂದ್ರೆ ಅದೇ ಸರಿ," ಅಂದರು.

"ಏನಮ್ಮಾ ನೋಡ್ತಿದೀಯಾ? ನಿನ್ನ ಸರದಿ. ತೆಗಿ."

ನನ್ನ ಕೈ ಹೋಯಿತು. ಹೌದು, ಹೋಯಿತು. ಅವನು ಹೇಳಿದರೆ ಹೋಗುವ ಕೈ ಅದು. ಗೊಂಬೆಯನ್ನು ಹಿಡಿದೆ. ಬಿಳಿ ಗ್ಲೌಸಿನ ಎರಡು ಬೆರಳ ನಡುವೆ ಅದು ಸೋಪಿನ ಪೆಟ್ಟಿಗೆಯ ಮೇಲೆ ನಿಂತ ಗುಬ್ಬಿಯ ಹಾಗೇ ಇತ್ತು. ಎತ್ತಲಾಗಲಿಲ್ಲ. ಅತ್ತುಬಿಡುತ್ತೇನೆ ಅಂದುಕೊಂಡೆ.

"ಸೂಜಿ!"

ಕೂಗಿದ್ದು ನಾನೇ.

ದೊಡ್ಡಕ್ಕನ ಕೈ ಮೇಲೆದ್ದವು. ಮಾತಿನಮಲ್ಲಿಯವು ಎದ್ದವು. ಗೋಡೆಯ ಉದ್ದಕ್ಕೂ ನಿಂತವರ ಕೈಗಳೆಲ್ಲ ಒಟ್ಟಿಗೆ ಎದ್ದವು. ಇಲ್ಲಿ ಸೂಜಿ ಎಲ್ಲಿಂದ ಬಂತು ಎಂದು ಒಬ್ಬಳೂ ಯೋಚಿಸಲಿಲ್ಲ. ಕೂಗು ಕೇಳಿದರೆ ನಮ್ಮ ಕೈ ಏಳುತ್ತದೆ, ಅಷ್ಟೇ.

ಫೋಟೋದವನು ಕ್ಯಾಮೆರಾ ಇಳಿಸಿದ. ಮೇಡಂ ಬೆಪ್ಪಾಗಿ ನೋಡಿದಳು. ಮ್ಯಾನೇಜರ್ ಮುಖ ಸುಣ್ಣವಾಯಿತು. ಅವನೊಬ್ಬನಿಗೆ ಅರ್ಥವಾಗಿತ್ತು.

"ಏನಿಲ್ಲ, ಏನಿಲ್ಲ. ಅದೊಂದು ಅಭ್ಯಾಸ ಇವರಿಗೆ," ಎಂದು ನಕ್ಕ. ನಮ್ಮ ಕಡೆ ತಿರುಗಿದ. "ಸಿಕ್ತು, ಸಿಕ್ತು. ಇಳಿಸಿ."

ಯಾರೂ ಇಳಿಸಲಿಲ್ಲ.

"ಸಿಕ್ತು ಅಂದ್ನಲ್ಲ! ಇಳಿಸಿ ಕೈ!"

"ಆ ಮಾತು ನಿಮ್ಮದಲ್ಲ ಸಾರ್," ಅಂದಳು ದೊಡ್ಡಕ್ಕ. ಮೆಲ್ಲಗೆ ಅಂದಳು. "ನಿನ್ನೆ ಅದನ್ನ ನೀವು ಕದ್ರಿ. ನಾವು ಸುಮ್ಮನಿದ್ವಿ. ನಾಚಿಕೆಗೆಟ್ಟವರು ನಾವು."

ನಾನು ಎತ್ತಿದ ಕೈಯಲ್ಲೇ ಗ್ಲೌಸ್ ಕಿತ್ತು ಮೇಜಿನ ಮೇಲೆ, ಆ ನದಿಯ ಮೇಲೆ ಎಸೆದೆ. ಮಣಿ, ಬಿಲ್ಲೆ ಚೆಲ್ಲಾಪಿಲ್ಲಿಯಾದವು. ಉಳಿದವರೂ ಕಿತ್ತರು. ಬ್ಲೀಚು ತಿಂದ ಕೈಗಳು. ಸಿಪ್ಪೆ ಎದ್ದ ಬೆರಳು, ಬಿರಿದ ಅಂಗೈ, ಕಪ್ಪುಗಟ್ಟಿದ ಉಗುರು. ಆ ಕೈಗಳನ್ನು ಬಸ್ಸಿನಲ್ಲಿ ಸೆರಗಿನೊಳಗೆ ಬಚ್ಚಿಡುತ್ತೇವೆ ನಾವು. ಈಗ ಆಸ್ಪತ್ರೆಯವರ ಮುಖದ ಮುಂದೆ ಎತ್ತಿ ಹಿಡಿದಿದ್ದೆವು. ನನಗೆ ಆಗಲೂ ನಾಚಿಕೆಯಾಯಿತು. ಆದರೆ ಇಳಿಸಲಿಲ್ಲ.

"ಏನಿದು? ಯಾರಾದ್ರೂ ಹೇಳ್ತೀರಾ?" ಅಂದರು ಆಸ್ಪತ್ರೆಯ ಅಮ್ಮನವರು.

ಹೇಳಿದೆ. ನಿಮ್ಮ ಹೊದಿಕೆಯಲ್ಲಿ ನಿಮ್ಮ ಸೂಜಿ ಇತ್ತು. ಅದು ನಿನ್ನೆ ನಮ್ಮ ಹುಡುಗಿಯ ಕೈಗೆ ಹೊಕ್ಕಿತು. ಹುಡುಕಲು ಬಿಡದೆ ಇವರು ಸಿಕ್ತು ಅಂದರು. ಈಗ ಸೂಜಿ ಇಲ್ಲ, ಹಾಗಾಗಿ ಚುಚ್ಚಿಲ್ಲ ಅನ್ನುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಮಾತ್ರೆ ಇದೆ. ಇವರು ಹೇಳದೆ ಕೊಡಲ್ಲ ಅಂದರು. ಹೊತ್ತು ಮೀರುತ್ತಿದೆ. ಇಷ್ಟನ್ನೇ ಹೇಳಿದೆ.

"ಸುಳ್ಳು ಮೇಡಂ! ಇವಳ ನಾದಿನಿ ಅವಳು, ಅದಕ್ಕೇ ನಾಟಕ," ಅಂದ ಮ್ಯಾನೇಜರ್ ಅಮ್ಮನವರಿಗೆ. ನಮ್ಮ ಕಡೆ ತಿರುಗಿದ. "ನಾಳೆಯಿಂದ ಒಬ್ಬಳೂ ಗೇಟು ದಾಟಬಾರದು, ನೋಡ್ತಿರಿ! ಏನು ಮಾಡಬೇಕು ಅಂತಿದೀರಿ ಈಗ?"

"ಕೂಗಿದ್ದು ನಿನ್ನೆ. ಕೂಗಿದವಳು ಬಂದು ಸಿಕ್ತು ಅನ್ನಲಿ. ಇಳಿಸ್ತೀವಿ," ಅಂದೆ.

ಮಾತಿನಮಲ್ಲಿ ಕೈ ಎತ್ತಿಕೊಂಡೇ ಕೆಳಗೆ ಹೋಗಿ ಗುಬ್ಬಿಯನ್ನು ಕರೆತಂದಳು. ಗುಬ್ಬಿ ಬಾಗಿಲಲ್ಲಿ ನಿಂತಳು. ಎತ್ತಿದ ಕೈಗಳನ್ನೆಲ್ಲ ನೋಡಿದಳು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳು ಎರಡು ಹೆಜ್ಜೆ ಒಳಗೆ ಬಂದಾಗ ಆಸ್ಪತ್ರೆಯ ಅಮ್ಮನವರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. ಕುರ್ಚಿಯ ಕಾಲು ನೆಲಕ್ಕೆ ಕಿರ್ ಎಂದು ಉಜ್ಜಿತು. ನಾವೆಲ್ಲ ಕೇಳಿಸಿಕೊಂಡೆವು. ಗುಬ್ಬಿಯೂ ಕೇಳಿಸಿಕೊಂಡು ಅಲ್ಲೇ ನಿಂತಳು. ಆಡುವಾಗ ಕಸ ಆಯುವವಳಾಗಿದ್ದವರು ಅವರೇ.

ಮ್ಯಾನೇಜರ್ ದನಿ ಇಳಿಸಿದ. "ಬಾಮ್ಮಾ. ಸಿಕ್ತು ಅಂತ ಒಂದು ಮಾತು ಹೇಳು. ನಿನ್ನ ಕೈ ನಾನು ನೋಡ್ಕೋತೀನಿ. ನನ್ನ ಮಗಳ ಹಾಗೆ ನೀನು."

ಗುಬ್ಬಿ ಅವನತ್ತ ತಿರುಗಿಯೂ ನೋಡಲಿಲ್ಲ.

ತೋಳು ನೋಯುತ್ತಿದ್ದವು. ಮುದುಕಿ ದೊಡ್ಡಕ್ಕನ ಕೈ ನಡುಗುತ್ತಿತ್ತು. ಆಟದ ಮೇಡಂ ಅದನ್ನು ನೋಡಿದಳು. ಏನನ್ನಿಸಿತೋ, ತಾನೂ ಎರಡೂ ಕೈ ಎತ್ತಿದಳು. ಡಾಕ್ಟರು ಮುಖ ಉಜ್ಜಿಕೊಂಡರು. ಎದ್ದು ಬಂದು, ಮುಟ್ಟದೆ, ಗುಬ್ಬಿಯ ಕೈ ನೋಡಿದರು. "ನಿನ್ನೆ ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಅವಳು ಹೇಳಿದಳು. ಅವರು ಅಮ್ಮನವರ ಕಡೆ ತಿರುಗಿದರು. "ಇನ್ನೂ ಸಮಯ ಇದೆ. ಆದ್ರೆ ಈಗಲೇ ಹೋಗಬೇಕು."

ಅಮ್ಮನವರು ಮ್ಯಾನೇಜರ್‌ಗೆ, "ನಮಗೆ ಯಾಕೆ ಹೇಳಲಿಲ್ಲ?" ಅಂದರು. ಸೂಜಿ ಯಾಕೆ ಬಂತು ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ. ತಮ್ಮ ಆಸ್ಪತ್ರೆಗೆ ಫೋನ್ ಮಾಡಿ ಅವನ ಮುಂದೆ ಹಿಡಿದರು. ಅವನು ಫೋನಿಗೆ ಹೇಳಿದ, ಹಲ್ಲು ಕಚ್ಚಿಕೊಂಡು: "ಹೌದು. ನಮ್ಮಲ್ಲೇ. ನಿಮ್ಮ ಬಟ್ಟೆಯಲ್ಲೇ."

ಆಸ್ಪತ್ರೆಯ ಕಾರಿನಲ್ಲೇ ಕಳಿಸುವುದು ಎಂದಾಯಿತು. ಸೀಟಿನ ಮೇಲೆ ಒಂದು ಬಟ್ಟೆ ಹಾಸಲು ಡ್ರೈವರ್‌ಗೆ ಹೇಳಿದರು.

"ಆಯ್ತಲ್ಲ? ಈಗಾದ್ರೂ ಹೇಳು. ಇವರು ಕೈ ಇಳಿಸಲಿ," ಅಂದ ಮ್ಯಾನೇಜರ್.

ಗುಬ್ಬಿ ಬಾಗಿಲಲ್ಲಿ ತಿರುಗಿದಳು. "ಸೂಜಿ ಸಿಕ್ಕಿಲ್ಲ ಸಾರ್," ಅಂದಳು. ಹೊರಟುಹೋದಳು. ನನ್ನ ಕಡೆ ನೋಡಲಿಲ್ಲ.

ನಾವು ಎತ್ತಿದ ಕೈಯಲ್ಲೇ ಮೆಟ್ಟಿಲಿಳಿದು ಗೇಟಿನಿಂದ ಹೊರಗೆ ಬಂದೆವು. ಹಿಂದೆ ಹಾಲಿನಲ್ಲಿ ಸೂಪರ್‌ವೈಸರ್ ಹುಡುಗಿ ನದಿಯ ಮೇಲೆ ಬಿದ್ದಿದ್ದ ಗ್ಲೌಸ್‌ಗಳನ್ನು ಆರಿಸಿ, ಮಡಿಚಿ, ಪೆಟ್ಟಿಗೆಗೆ ತುಂಬುತ್ತಿದ್ದಳು. ಮರುದಿನ ಗೇಟು ತೆಗೆಯುತ್ತದೋ ಇಲ್ಲವೋ ನಮಗೆ ಗೊತ್ತಿರಲಿಲ್ಲ.

ಸಂಜೆ ಗುಬ್ಬಿ ಮಾತ್ರೆ ಹಿಡಿದು ಮನೆಗೆ ಬಂದಳು. ತಿಂಗಳು ಪೂರ್ತಿ ನುಂಗಬೇಕಂತೆ. ಅದಾದ ಮೇಲೆ ರಕ್ತ ನೋಡುತ್ತಾರಂತೆ, ಏನೂ ಆಗದಿರಬಹುದು ಅಂದರಂತೆ. ನಾನು ಅವಳ ತಟ್ಟೆಯನ್ನು ನಮ್ಮ ತಟ್ಟೆಗಳ ಜೊತೆ ಇಟ್ಟೆ. ಬಡಿಸಲು ಹೋದರೆ ಭುಜ ಮೇಲೇಳಲಿಲ್ಲ. ಸೌಟು ಕೈಜಾರಿತು.

ಅವಳು ಸೌಟು ಎತ್ತಿಕೊಂಡಳು. ತಾನೇ ಬಡಿಸಿಕೊಂಡಳು. ನನಗೂ ಬಡಿಸಿದಳು.

"ತುಂಬ ಹೊತ್ತು ಎತ್ತಿದ್ರಾ ಅತ್ತಿಗೆ?" ಅಂದಳು.

"ಹೂಂ."

"ನಿನ್ನೆ ಯಾರ ಕೈ ಮೊದಲು ಇಳೀತು ಅಂತ ನಾನು ನೋಡಿದೆ."

ಮಗಳು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ನಾನು ತಟ್ಟೆ ನೋಡುತ್ತ ಕೂತೆ. ತುತ್ತು ಬಾಯಿಗೆ ಹೋಗಲಿಲ್ಲ.

"ಉಣ್ಣಿ," ಅಂದಳು ಗುಬ್ಬಿ.

ಸಿಕ್ತು ಅಂತ ಮಾತ್ರ ಅನ್ನಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.